ದಾಳ ಬಿದ್ದ ಮೇಲೆ

ದಾಳ ಕೈಕೊಟ್ಟಿತು ಎಂದು ಸೋತವರು ಹೇಳುತ್ತಾರೆ. ದಾಳ ಕೈಹಿಡಿಯಿತು ಎಂದು ಗೆದ್ದವರು ಒಪ್ಪಿಕೊಳ್ಳುವುದು ಅಪರೂಪ. ಆಟದಲ್ಲಿ ಆಕಸ್ಮಿಕಕ್ಕೆ ಎಷ್ಟು ಜಾಗ ಕೊಟ್ಟರೆ ನ್ಯಾಯ ಎಂಬ ಪ್ರಶ್ನೆ ಹೆಚ್ಚಾಗಿ ಸೋತವರ ಬಾಯಲ್ಲೇ ಬರುವುದರಿಂದಲೋ ಏನೋ, ಅದು ಗೊಣಗಾಟವಾಗಿಯೇ ಉಳಿದುಬಿಟ್ಟಿದೆ. ಜೂಜಿನ ಬಗ್ಗೆ ನೀತಿಯ ಮಾತು ಕನ್ನಡದಲ್ಲಿ ಬೇಕಾದಷ್ಟಿದೆ. ದಾಳದ ಬಗ್ಗೆ ವಿಮರ್ಶೆಯ ಮಾತು ಕಡಿಮೆ. ಕಾವ್ಯ, ನಾಟಕಗಳನ್ನು ಓದುವ ಹಾಗೆ ಆಟಗಳನ್ನೂ ಓದಬಹುದು, ಅವುಗಳ ನಿಯಮಗಳಲ್ಲೂ ಒಂದು ಲೋಕದೃಷ್ಟಿ ಇರುತ್ತದೆ ಎಂದು ನಂಬಿ ಕೆಲವು ಆಟಗಳನ್ನೂ ಕೆಲವು ಕೃತಿಗಳನ್ನೂ ಇಲ್ಲಿ ಅಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ.

ಮೈದಾನದ ಆಟವೊಂದನ್ನು ಮೇಜಿನ ಮೇಲೆ ಇಳಿಸಹೊರಟಾಗ ಈ ಪ್ರಶ್ನೆ ತೀರಾ ಸ್ಪಷ್ಟವಾಗುತ್ತದೆ. ಫುಟ್‌ಬಾಲ್ ಮೈದಾನದಲ್ಲಿ ಚೆಂಡು ಒದ್ದೆ ಹುಲ್ಲಿನ ಮೇಲೆ ಜಾರುತ್ತದೆ, ಗೋಲು ಕಂಬಕ್ಕೆ ಬಡಿದು ಒಳಗೂ ಬರಬಹುದು ಹೊರಗೂ ಹೋಗಬಹುದು. ಮೇಜಿನ ಮೇಲೆ ಇದನ್ನೆಲ್ಲ ತರುವುದು ಹೇಗೆ? 1947ರಲ್ಲಿ ಇಂಗ್ಲೆಂಡಿನ ಪೀಟರ್ ಅಡಾಲ್ಫ್ ಮಾರುಕಟ್ಟೆಗೆ ತಂದ ಸಬ್ಯುಟಿಯೊ ಆಟದಲ್ಲಿ ದಾಳವೇ ಇಲ್ಲ. ಗುಂಡನೆಯ ತಳದ ಮೇಲೆ ನಿಂತ ಪುಟ್ಟ ಬೊಂಬೆಗಳನ್ನು, ನಾವು ಕೇರಂ ಸ್ಟ್ರೈಕರ್ ಹೊಡೆಯುವ ಹಾಗೆ, ಬೆರಳಿನಿಂದ ಚಿಮ್ಮಿಸಬೇಕು. ಬೆರಳು ಪಳಗಿದವನು ಗೆಲ್ಲುತ್ತಾನೆ. 1986ರಲ್ಲಿ ಗೇಮ್ಸ್ ವರ್ಕ್‌ಶಾಪ್ ಹೊರತಂದ, ಜರ್ವಿಸ್ ಜಾನ್ಸನ್ ರೂಪಿಸಿದ ಬ್ಲಡ್ ಬೌಲ್ ಇದಕ್ಕೆ ಪೂರಾ ತಿರುಗಾಮುರುಗ. ಇದು ಅಮೆರಿಕನ್ ಫುಟ್‌ಬಾಲ್‌ನ ಅಣಕ. ರಾಕ್ಷಸರು, ಕುಬ್ಜರು, ಯಕ್ಷರಂಥವರು ಆಡುವ ಇಲ್ಲಿ ಓಡುವುದಕ್ಕೂ ಎಸೆಯುವುದಕ್ಕೂ ಗುದ್ದುವುದಕ್ಕೂ ದಾಳ. ಸಾಲದೆಂಬಂತೆ ಹವಾಮಾನಕ್ಕೊಂದು ಪಟ್ಟಿ, ಆಟ ಶುರುವಾಗುವ ಕ್ಷಣದ ಅನಿರೀಕ್ಷಿತಗಳಿಗೆ ಇನ್ನೊಂದು ಪಟ್ಟಿ. ಈ ಆಟ ಆಡುವವರು ದಾಳಕ್ಕೆ ನಫಲ್ ಎಂಬ ದೇವರನ್ನೇ ಇಟ್ಟುಕೊಂಡಿದ್ದಾರೆ. ಸೋತಾಗ ಬೈಯುವುದು ಅವನನ್ನೇ.

ಇಷ್ಟು ದಾಳ ಇರುವ ಆಟ ಬರೀ ಅದೃಷ್ಟದ ಆಟ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ನಿಯಮಗಳನ್ನು ಓದಿದರೆ ಬೇರೆಯೇ ಕಾಣುತ್ತದೆ. ಹವಾಮಾನಕ್ಕೆ ಎರಡು ದಾಳ ಉರುಳಿಸುತ್ತಾರೆ. ಮೊತ್ತ 4ರಿಂದ 10ರವರೆಗೆ ಬಂದರೆ ಆಟಕ್ಕೆ ಅಡ್ಡಿಯಿಲ್ಲದ ಹವೆ. 36 ಸಾಧ್ಯತೆಗಳಲ್ಲಿ ಇದಕ್ಕೆ 30 ಪಾಲು. ಹಿಮಪಾತಕ್ಕೆ 1 ಪಾಲು, ಸುಡುಬಿಸಿಲಿಗೆ 1 ಪಾಲು. ಅನಾಹುತ ಇದೆ, ಆದರೆ ಅದರ ಅಳತೆ ಇಬ್ಬರಿಗೂ ಮೊದಲೇ ಗೊತ್ತಿದೆ. ಆಟದ ಆರಂಭದ ಪಟ್ಟಿಯಲ್ಲಿ ಮೊತ್ತ 10 ಬಂದರೆ ಚೆಂಡು ಒದೆಯುವ ತಂಡ ಎದುರಾಳಿಗಿಂತ ಮೊದಲೇ ಮುನ್ನುಗ್ಗಬಹುದು. ಅದರ ಸಾಧ್ಯತೆ 12ರಲ್ಲಿ 1. ಅನುಭವಿಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆಟಗಾರರನ್ನು ನಿಲ್ಲಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ಕೈಹಾಕಿದ ಕೆಲಸ ಕೆಟ್ಟು ಆಟಗಾರ ಬಿದ್ದರೆ ಅಥವಾ ಚೆಂಡು ಕೈಬಿಟ್ಟರೆ ಇಡೀ ತಂಡದ ಸರದಿ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ದಾಳ ಬೇಡದ ಕೆಲಸವನ್ನು ಮೊದಲು ಮುಗಿಸಿ, ಅಪಾಯದ್ದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂಬ ವಿವೇಕವೇ ಈ ಆಟದ ಜಾಣ್ಮೆ. ದಾಳ ಇರುವುದರಿಂದಲೇ ಆ ವಿವೇಕಕ್ಕೆ ಕೆಲಸ ಸಿಕ್ಕಿದೆ.

ಇದೇ ಆಟದಲ್ಲಿ ದಾಳವನ್ನು ಸೋಮಾರಿತನದಿಂದ ಬಳಸಿದ ಕಡೆಯೂ ಇದೆ. ಹಲವು ಆವೃತ್ತಿಗಳ ಪಟ್ಟಿಯಲ್ಲಿ ಪ್ರೇಕ್ಷಕರ ನಡುವಿನಿಂದ ಕಲ್ಲೊಂದು ಹಾರಿಬಂದು ಯಾರೋ ಒಬ್ಬ ಆಟಗಾರನಿಗೆ ಬಡಿಯುತ್ತದೆ. ಯಾರಿಗೆ ಎಂಬುದನ್ನೂ ದಾಳವೇ ಹೇಳುತ್ತದೆ. ತಡೆಯಲು ಮೊದಲು ಮಾಡುವುದೇನೂ ಇರಲಿಲ್ಲ. ಒಮ್ಮೆ ನಗು ಬರುತ್ತದೆ. ತಂಡದ ಒಳ್ಳೆಯ ಆಟಗಾರನೇ ಹೊರಬಿದ್ದಾಗ ನಗು ನಿಲ್ಲುತ್ತದೆ.

ಮೇಜಿನ ಮೇಲಿನ ಫುಟ್‌ಬಾಲ್ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅದೇ ಜಾತಿಯ ಆಟವೊಂದು ಮಾತ್ರ ಕರ್ನಾಟಕದ ಎಲ್ಲ ಶಾಲೆಗಳ ಕೊನೆಯ ಬೆಂಚಿನಲ್ಲೂ ಇತ್ತು: ಬುಕ್ ಕ್ರಿಕೆಟ್. ಪುಸ್ತಕ ತೆರೆಯಬೇಕು, ಎಡಗಡೆಯ ಪುಟಸಂಖ್ಯೆಯ ಕೊನೆಯ ಅಂಕಿ ನೋಡಬೇಕು. 2, 4, 6 ಬಂದರೆ ಅಷ್ಟು ರನ್ನು. 0 ಬಂದರೆ ಔಟು. 8 ಬಂದರೆ ಏನೆಂಬುದು ಊರಿಂದೂರಿಗೆ ಬೇರೆ. ಒಂದು ರನ್ನು ಎಂದಿಟ್ಟುಕೊಳ್ಳೋಣ. ಐದರಲ್ಲಿ ಒಂದು ಸಲ ಔಟು, ಉಳಿದ ನಾಲ್ಕು ಸಲ ಸರಾಸರಿ ಮೂರೂಕಾಲು ರನ್ನು. ಲೆಕ್ಕ ಹಾಕಿದರೆ ಒಬ್ಬ ಬ್ಯಾಟ್ಸ್‌ಮನ್‌ಗೆ ಸರಾಸರಿ 13, ಹತ್ತು ವಿಕೆಟ್ಟಿಗೆ 130. ಪಟ್ಟಿಯಲ್ಲಿ ಮೂರನೆಯವರಾಗಿ ಇಳಿಯುವ ರಾಹುಲ್ ದ್ರಾವಿಡ್‌ಗೂ ಹದಿಮೂರು, ಕೊನೆಯವರಾಗಿ ಇಳಿಯುವ ವೆಂಕಟೇಶ್ ಪ್ರಸಾದ್‌ಗೂ ಹದಿಮೂರು. ಆಡುವ ಇಬ್ಬರು ಹುಡುಗರ ಮಟ್ಟಿಗೆ ಇದು ಅಪ್ಪಟ ನ್ಯಾಯ. ಕ್ರಿಕೆಟ್ಟಿನ ಮಟ್ಟಿಗೆ ಮಾತ್ರ ಹೆಸರು ಬಿಟ್ಟರೆ ಅಲ್ಲಿ ಏನೂ ಉಳಿದಿಲ್ಲ. ದ್ರಾವಿಡ್ ದ್ರಾವಿಡ್ ಆಗಿದ್ದು ಯಾಕೆ ಎಂಬುದಕ್ಕೆ ಆ ಆಟದಲ್ಲಿ ಉತ್ತರವಿಲ್ಲ.

ಬುಕ್ ಕ್ರಿಕೆಟ್‌ನ ಮೋಸ ಬೇರೆ ಕಡೆ ಇದೆ. ಹಳೆಯ ಪುಸ್ತಕದ ಬೆನ್ನು ಒಂದು ಕಡೆ ಮುರಿದಿರುತ್ತದೆ, ತೆರೆದಾಗಲೆಲ್ಲ ಅದೇ ಪುಟ ತೆರೆದುಕೊಳ್ಳುತ್ತದೆ. ತನ್ನ ಪುಸ್ತಕದಲ್ಲಿ ಸಿಕ್ಸರ್ ಎಲ್ಲಿದೆ ಎಂದು ಹೆಬ್ಬೆರಳಿಗೆ ಗೊತ್ತಿರುವ ಹುಡುಗ ಪ್ರತಿ ತರಗತಿಯಲ್ಲೂ ಒಬ್ಬ ಇರುತ್ತಾನೆ. ಅದಕ್ಕೇ ನಮ್ಮ ಕಡೆ ಎದುರಾಳಿಯ ಪುಸ್ತಕದಲ್ಲಿ ಆಡಬೇಕು ಎಂಬ ಕಟ್ಟಳೆ ಮಾಡಿಕೊಳ್ಳುತ್ತಿದ್ದೆವು. ಹತ್ತು ವರ್ಷದ ಮಕ್ಕಳು ತಾವೇ ಕಂಡುಕೊಂಡ ಈ ಕಾನೂನಿನಲ್ಲಿ ದೊಡ್ಡ ತಿಳಿವಳಿಕೆ ಇದೆ: ಆಕಸ್ಮಿಕ ಯಾರೊಬ್ಬರ ಕೈಯಲ್ಲೂ ಇರಬಾರದು.

ಜಗಲಿಯ ಆಟಗಳಿಗೆ ಬಂದರೆ ಎರಡನ್ನು ಹೋಲಿಸಬೇಕು. ಒಂದು ಪರಮಪದ ಸೋಪಾನ, ಈಗಿನ ಹಾವು ಏಣಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆಯುವ ಶ್ರೀನಿವಾಸಪುರದ ಕಡೆಯ ಮಕ್ಕಳಿಗೆ ಅದರ ತೆಲುಗು ಹೆಸರಾದ ವೈಕುಂಠಪಾಳಿಯೂ ಗೊತ್ತು. ವೈಕುಂಠ ಏಕಾದಶಿಯ ಜಾಗರಣೆಗೆ ಹೇಳಿ ಮಾಡಿಸಿದ ಆಟ. ಇದರಲ್ಲಿ ದಾಳ ಬಿದ್ದ ಮೇಲೆ ಮಾಡುವ ಕೆಲಸ ಎಣಿಸುವುದೊಂದೇ. ಏಣಿ ಬಂದರೆ ಹತ್ತಬೇಕು, ಹಾವು ಬಂದರೆ ಇಳಿಯಬೇಕು. ಏಣಿಗೆ ಪುಣ್ಯದ ಹೆಸರು, ಹಾವಿಗೆ ಪಾಪದ ಹೆಸರು ಬರೆದಿರುತ್ತಾರೆ. ಆದರೆ ಆ ಪಾಪವನ್ನು ಯಾರೂ ಮಾಡಿಲ್ಲ, ಅದು ಅವರ ಮೇಲೆ ಬಿದ್ದಿದೆ ಅಷ್ಟೆ. ಎಲ್ಲರನ್ನೂ ಸಮವಾಗಿ ಕಾಣುವ ಈ ಆಟ ಯಾರನ್ನೂ ಆಟಗಾರರನ್ನಾಗಿ ಕಾಣುವುದಿಲ್ಲ.

ಇನ್ನೊಂದು ಚೌಕಾಬಾರ. ಸೀಮೆಸುಣ್ಣದಲ್ಲಿ ಐದೈದು ಮನೆ ಗೀಚಿ, ನಾಲ್ಕು ಕವಡೆ ಅಥವಾ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜ ಹಿಡಿದು ಕೂತರೆ ಮಧ್ಯಾಹ್ನ ಕಳೆಯುತ್ತದೆ. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ 16 ಸಾಧ್ಯತೆಗಳಲ್ಲಿ ಎರಡು ಬೀಳುವುದು 6, ಒಂದು ಬೀಳುವುದು 4, ಮೂರು ಬೀಳುವುದು 4, ಚೌಕ 1, ಬಾರ 1. ಹಾಗಾಗಿ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ, ನಾಲ್ಕು ಮನೆ ಮುಂದೆ ನಿಂತರೆ ಹೆಚ್ಚುಕಡಿಮೆ ನಿಶ್ಚಿಂತೆ. ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಕೂರಿಸಬೇಕು, ಹೊಡೆಯಲು ಹೋಗಿ ತಾನೇ ಹೊಡೆತ ತಿನ್ನಬೇಕೇ ಎಂಬುದನ್ನು ಪ್ರತಿ ಸಲವೂ ಆಡುವವರೇ ನಿರ್ಧರಿಸಬೇಕು. ಸಂಭವನೀಯತೆಯ ಗಣಿತವನ್ನು ಯಾವ ಶಾಲೆಯಲ್ಲೂ ಕಲಿಯದ ಅಜ್ಜಿಯರು ಎರಡನೆಯ ಮನೆಯಲ್ಲಿ ಕಾಯಿ ಬಿಡುವುದಿಲ್ಲ. ಚೌಕಾಬಾರದಲ್ಲಿ ಕವಡೆ ಪ್ರಶ್ನೆ ಕೇಳುತ್ತದೆ, ಪರಮಪದದಲ್ಲಿ ದಾಳ ಉತ್ತರವನ್ನೂ ತಾನೇ ಹೇಳಿಬಿಡುತ್ತದೆ.

ಫುಟ್‌ಬಾಲ್‌ನ ಚರಿತ್ರೆಯೂ ಇದೇ ಪಾಠ ಕಲಿಯಬೇಕಾಯಿತು. 1968ರ ಯುರೋಪಿಯನ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಇಟಲಿ ಮತ್ತು ಸೋವಿಯತ್ ಒಕ್ಕೂಟ ಹೆಚ್ಚುವರಿ ಸಮಯದ ನಂತರವೂ ಗೋಲಿಲ್ಲದೆ ಸಮನಾದವು. ನಾಣ್ಯ ಚಿಮ್ಮಿದರು, ಇಟಲಿ ಫೈನಲ್‌ಗೆ ಹೋಯಿತು. ನಾಣ್ಯ ಎರಡೂ ತಂಡಗಳಿಗೆ ಸಮವಾಗಿತ್ತು, ಅದರ ಅಳತೆಯೂ ಗೊತ್ತಿತ್ತು. ಆದರೆ ಆಟವೆಲ್ಲ ಮುಗಿದ ಮೇಲೆ ಬಂದ ಆ ನಾಣ್ಯದ ಎದುರು ಆಟಗಾರರಿಗೆ ಮಾಡಲು ಏನೂ ಉಳಿದಿರಲಿಲ್ಲ. 1970ರಲ್ಲಿ ಪೆನಾಲ್ಟಿ ಷೂಟೌಟ್ ನಿಯಮವಾಗಿ ಬಂತು. ಅದನ್ನೂ ಲಾಟರಿ ಎಂದು ಬೈಯುವವರಿದ್ದಾರೆ. ಇದ್ದರೂ, ಅಲ್ಲಿ ಸೋತವನು ತಾನು ಒದ್ದ ಚೆಂಡಿನ ಕಾರಣಕ್ಕೆ ಸೋಲುತ್ತಾನೆ.

ಆಕಸ್ಮಿಕ ಹೇಗಿರುತ್ತದೆ ಎಂಬ ನಮ್ಮ ಕಲ್ಪನೆಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ದಾಳದಲ್ಲಿ ಮೂರು ಸಲ ಒಂದೇ ಬಿದ್ದರೆ ದಾಳ ಸರಿಯಿಲ್ಲ ಎನ್ನುತ್ತೇವೆ. ನಿನಗೊಂದು ಸಲ, ನನಗೊಂದು ಸಲ ಎಂದು ಬಿದ್ದರೆ ನ್ಯಾಯ ಎನ್ನುತ್ತೇವೆ. ನಿಜವಾದ ದಾಳ ಹಾಗೆ ಸರದಿ ಪಾಲಿಸುವುದಿಲ್ಲ. ಶ್ರೀನಿವಾಸಪುರ ವಿಧಾನಸಭಾ ಕ್ಷೇತ್ರದಲ್ಲಿ 1978ರಿಂದ 2013ರವರೆಗಿನ ಒಂಬತ್ತು ಚುನಾವಣೆಗಳಲ್ಲಿ ಕೆ.ಆರ್. ರಮೇಶ್ ಕುಮಾರ್ ಮತ್ತು ಜಿ.ಕೆ. ವೆಂಕಟಶಿವಾರೆಡ್ಡಿ ಒಬ್ಬರಾದ ಮೇಲೆ ಒಬ್ಬರಂತೆ ಗೆದ್ದರು. 2018ರಲ್ಲಷ್ಟೇ ಆ ಸರದಿ ಮುರಿಯಿತು. ಎಂಟು ಸಲ ಸತತವಾಗಿ ಹೀಗೆ ಅದಲುಬದಲಾಗುವ ಸಾಧ್ಯತೆ ನಾಣ್ಯಕ್ಕಾದರೆ 256ರಲ್ಲಿ 1. ಇಷ್ಟು ಅಚ್ಚುಕಟ್ಟಾದ ಸರದಿ ಕಂಡರೆ ಅದರ ಹಿಂದೆ ಮನುಷ್ಯರ ಮನಸ್ಸು ಕೆಲಸ ಮಾಡಿದೆ ಎಂದೇ ತಿಳಿಯಬೇಕು. ಒಂದೇ ಕಡೆಗೆ ಉದ್ದಕ್ಕೂ ಬಿದ್ದಾಗಲೂ ಅದೇ ಅನುಮಾನ ಬರಬೇಕು.

ಈ ಅನುಮಾನವನ್ನು ಇಟ್ಟುಕೊಂಡು ಸಭಾಪರ್ವಕ್ಕೆ ಹೋಗೋಣ. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ ನಾಡು ನಮ್ಮದು. ದ್ಯೂತದ ಪ್ರಸಂಗ ಮುಗಿದಾಗ ಕೇಳುಗರ ಬಾಯಲ್ಲಿ ಬರುವ ಮಾತು ಸಾಮಾನ್ಯವಾಗಿ ಒಂದೇ: ಎಲ್ಲ ವಿಧಿಯಾಟ. ವಿಮರ್ಶೆಯಲ್ಲೂ ಈ ಮಾತು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಆದರೆ ಅಲ್ಲಿ ನಡೆದದ್ದೇನು? ಪಣ ಒಡ್ಡುವವನು ದುರ್ಯೋಧನ, ದಾಳ ಹಾಕುವವನು ಶಕುನಿ. ವ್ಯಾಸಭಾರತದ ಯುಧಿಷ್ಠಿರ ಆರಂಭದಲ್ಲೇ, ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯಲ್ಲ ಎಂದು ಆಕ್ಷೇಪ ಎತ್ತುತ್ತಾನೆ. ಎತ್ತಿ, ಆಡಲು ಕೂರುತ್ತಾನೆ. ಆಮೇಲೆ ಸುತ್ತಿನ ಮೇಲೆ ಸುತ್ತು ಶಕುನಿ ಗೆದ್ದೆನೆಂದು ಘೋಷಿಸುತ್ತಾನೆ. ದಾಳದಲ್ಲಿ ಎಷ್ಟು ಬಿತ್ತೆಂದು ವ್ಯಾಸರು ಹೇಳುವುದೇ ಇಲ್ಲ. ಸಮಬಲದ ಆಟದಲ್ಲಿ ಸತತ ಹತ್ತು ಸುತ್ತು ಸೋಲುವ ಸಾಧ್ಯತೆ 1024ರಲ್ಲಿ 1. ಯುಧಿಷ್ಠಿರ ಸೋಲುವುದು ಅದಕ್ಕೂ ಹೆಚ್ಚು ಸುತ್ತು.

ಹಾಗಾದರೆ ಆ ಸಭೆಯಲ್ಲಿ ಆಕಸ್ಮಿಕ ಅತಿಯಾದದ್ದು ಸಮಸ್ಯೆಯಲ್ಲ, ಆಕಸ್ಮಿಕವೇ ಇರಲಿಲ್ಲ ಎಂಬುದು ಸಮಸ್ಯೆ. ಬೆನ್ನು ಮುರಿದ ಪುಸ್ತಕದಲ್ಲಿ ಆಡಿದ ಆಟ ಅದು. ಮನುಷ್ಯರು ಕೂತು ಹೂಡಿದ ಸಂಚನ್ನು ನಾವು ವಿಧಿ ಎಂದು ಕರೆದಾಗ ಶಕುನಿಗೆ ಬೇಕಾದದ್ದನ್ನೇ ಹೇಳುತ್ತಿರುತ್ತೇವೆ. ದಾಳದ ಮೇಲೆ ಹೊರೆ ಹಾಕಿದರೆ ದಾಳ ಹಿಡಿದ ಕೈ ಹಗುರಾಗುತ್ತದೆ. ಸಭೆಯಲ್ಲಿ ಇದನ್ನು ಸರಿಯಾಗಿ ಕಂಡವಳು ದ್ರೌಪದಿ. ತನ್ನನ್ನು ತಾನು ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಯದು ಎಂದು ಅವಳು ಕೇಳಿದ್ದು ಪಣದ ಬಗ್ಗೆ, ನಿಯಮದ ಬಗ್ಗೆ. ದಾಳ ಹೇಗೆ ಬಿತ್ತು ಎಂಬುದು ಅವಳ ಪ್ರಶ್ನೆಯೇ ಅಲ್ಲ. ಅತ್ಯಂತ ಪ್ರಾಮಾಣಿಕವಾದ ದಾಳ ಕೂಡ ಆ ಪಣವನ್ನು ನ್ಯಾಯವಾಗಿಸುತ್ತಿರಲಿಲ್ಲ. ಚೌಕದ ಗೆರೆಯೊಳಗೆ ಏನನ್ನು ತರಬಹುದು, ಏನನ್ನು ತರಬಾರದು ಎಂಬುದು ದಾಳಕ್ಕಿಂತ ಮೊದಲಿನ ಪ್ರಶ್ನೆ.

ಈ ಕಥೆಗೆ ಮಹಾಭಾರತದಲ್ಲೇ ಇನ್ನೊಂದು ಮುಖವಿದೆ. ಕಾಡಿನಲ್ಲಿ ಕೊರಗುತ್ತಿರುವ ಯುಧಿಷ್ಠಿರನಿಗೆ ಬೃಹದಶ್ವ ಹೇಳುವ ನಳನ ಕಥೆ. ಕನಕದಾಸರು ಇದನ್ನೇ ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ತಂದರು. ಕಲಿಯ ಪ್ರಭಾವದಿಂದ ನಳ ಪುಷ್ಕರನಿಗೆ ರಾಜ್ಯ ಸೋಲುತ್ತಾನೆ. ವನಪರ್ವದಲ್ಲಿ ಅವನ ಬದುಕು ತಿರುಗುವುದು ತಾರೆ ಮರವೊಂದರ ಬುಡದಲ್ಲಿ. ರಾಜ ಋತುಪರ್ಣ ಮರವನ್ನು ನೋಡಿ ಅದರ ಎಲೆ, ಕಾಯಿಗಳ ಸಂಖ್ಯೆ ಹೇಳುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿ ನೋಡಿದರೆ ಲೆಕ್ಕ ಸರಿ. ಕುದುರೆಯ ವಿದ್ಯೆ ಕೊಟ್ಟು ಅವನಿಂದ ಅಕ್ಷಹೃದಯವನ್ನು, ಅಂದರೆ ದಾಳದ ಮರ್ಮವನ್ನು ನಳ ಪಡೆಯುತ್ತಾನೆ. ಕಲಿ ಅವನ ಮೈಯಿಂದ ಹೊರಡುತ್ತಾನೆ. ಆ ಕಾಲದ ದಾಳ ತಾರೆಕಾಯಿಯೇ ಆಗಿತ್ತು ಎಂಬುದನ್ನು ನೆನೆದರೆ ಆ ಮರ ಸುಮ್ಮನೆ ಬಂದದ್ದಲ್ಲ ಎಂದು ತಿಳಿಯುತ್ತದೆ. ಸಂಭವನೀಯತೆಯ ಇತಿಹಾಸ ಬರೆದ ಇಯಾನ್ ಹ್ಯಾಕಿಂಗ್ 1975ರ ತಮ್ಮ ಪುಸ್ತಕದಲ್ಲಿ ಈ ಪ್ರಸಂಗವನ್ನು ಎತ್ತಿಕೊಂಡಿದ್ದಾರೆ. ಎಣಿಸುವ ವಿದ್ಯೆಗೂ ದಾಳದ ವಿದ್ಯೆಗೂ ಸಂಬಂಧವಿದೆ ಎಂದು ಕಥೆ ಕಟ್ಟಿದವರಿಗೆ ಗೊತ್ತಿತ್ತು. ಕಥೆ ಮುಗಿದ ಮೇಲೆ ಬೃಹದಶ್ವ ಯುಧಿಷ್ಠಿರನಿಗೂ ಅದೇ ಅಕ್ಷಹೃದಯವನ್ನು ಕಲಿಸುತ್ತಾನೆ. ಸೋತವನಿಗೆ ದಾಳ ಮುಟ್ಟಬೇಡ ಎಂದು ಬುದ್ಧಿ ಹೇಳುವ ಬದಲು ಲೆಕ್ಕ ಕಲಿಸಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಹೊಸ ಕಾಲದ ನಾಟಕದಲ್ಲಿ ಗಿರೀಶ ಕಾರ್ನಾಡರು ತುಘಲಕ್‌ನ ಕೈಗೆ ಕೊಟ್ಟದ್ದು ದಾಳವನ್ನಲ್ಲ, ಚದುರಂಗವನ್ನು. 1964ರ ಆ ನಾಟಕದ ದೊರೆ ಚದುರಂಗದ ಹಳೆಯ ಸಮಸ್ಯೆಯೊಂದನ್ನು ಬಿಡಿಸಿದೆನೆಂದು ಹಿಗ್ಗುತ್ತಾನೆ. ಅಲ್ಲಿ ಎಲ್ಲ ಕಾಯಿಗಳೂ ಕಣ್ಣೆದುರೇ ಇರುತ್ತವೆ, ಯಾವುದೂ ತಾನಾಗಿ ಅಲುಗುವುದಿಲ್ಲ. ರಾಜಧಾನಿ ಬದಲಿಸುವುದು, ತಾಮ್ರದ ನಾಣ್ಯ ತರುವುದು ಅವನಿಗೆ ಅಂಥದೇ ನಡೆಗಳು. ಬರ, ವೇಷ ಬದಲಿಸುವ ಅಗಸ, ಖೋಟಾ ನಾಣ್ಯ ಇವಕ್ಕೆ ಅವನ ಹಲಗೆಯ ಮೇಲೆ ಮನೆಗಳಿಲ್ಲ. ಎಷ್ಟು ಆಕಸ್ಮಿಕ ನ್ಯಾಯ ಎಂದು ಕೇಳುವಾಗ, ಆಕಸ್ಮಿಕವೇ ಬೇಡ ಎನ್ನುವ ಬುದ್ಧಿವಂತಿಕೆಯ ಅಪಾಯವನ್ನೂ ಹೀಗೆ ನೆನೆಯಬೇಕು.

ನ್ಯಾಯಾಲಯಗಳೂ ಇದೇ ಗೆರೆಯನ್ನು ಹುಡುಕಿವೆ. ಇಸ್ಪೀಟೆಲೆ ಹಂಚುವುದರಲ್ಲಿ ಆಕಸ್ಮಿಕವಿದ್ದರೂ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದರಲ್ಲಿ ಜಾಣ್ಮೆ ಇದೆ, ಆದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ದಾಳ ಬಿದ್ದ ಮೇಲೆ ಆಟಗಾರನಿಗೆ ಕೆಲಸ ಉಳಿದಿದೆಯೇ ಎಂಬ ಪರೀಕ್ಷೆಯೇ ಇದು. ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಕರ್ನಾಟಕದ 2021ರ ತಿದ್ದುಪಡಿಯನ್ನು ಹೈಕೋರ್ಟ್ 2022ರಲ್ಲಿ ರದ್ದು ಮಾಡಿದಾಗಲೂ ಕೌಶಲ, ಆಕಸ್ಮಿಕಗಳ ಭೇದ ಮುನ್ನೆಲೆಯಲ್ಲಿತ್ತು. 2025ರಲ್ಲಿ ಸಂಸತ್ತು ಒಪ್ಪಿದ ಕಾನೂನು ಈ ಭೇದವನ್ನು ಬದಿಗಿಟ್ಟು, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಒಂದು ಪರೀಕ್ಷೆ ದಾಳವನ್ನು ನೋಡುತ್ತದೆ, ಇನ್ನೊಂದು ಪಣವನ್ನು. ದ್ರೌಪದಿಯ ಪ್ರಶ್ನೆ ನೆನಪಿದ್ದವರಿಗೆ ಎರಡೂ ಬೇಕು ಎನ್ನಿಸುತ್ತದೆ.

ಆಟದ ಹೊರಗೆ ಇದರ ಬೆಲೆ ಏನೆಂದು ನಮ್ಮ ತಾಲ್ಲೂಕಿನಲ್ಲಿ ಕಾಣುವುದು ಮಾವಿನ ತೋಪುಗಳಲ್ಲಿ. ಮರ ಹೂ ಬಿಟ್ಟಾಗಲೇ ಫಸಲನ್ನು ಗುತ್ತಿಗೆಗೆ ಕೊಡುವ ರೂಢಿ ಇದೆ. ಆಮೇಲೆ ಕಾಯಿ ಕಚ್ಚಬೇಕು, ಏಪ್ರಿಲ್ ಮೇ ತಿಂಗಳ ಗಾಳಿ, ಆಲಿಕಲ್ಲು ಮಳೆ ತಪ್ಪಬೇಕು, ತೋತಾಪುರಿಗೆ ಬೆಲೆ ಸಿಗಬೇಕು. ಆಲಿಕಲ್ಲು ಯಾರ ತೋಪೆಂದು ನೋಡಿ ಬೀಳುವುದಿಲ್ಲ, ಆ ಮಟ್ಟಿಗೆ ಅದು ಪ್ರಾಮಾಣಿಕ ದಾಳ. ಬಿದ್ದ ಮೇಲೆ ನಷ್ಟ ಯಾರದು, ಮುಂಗಡ ಎಷ್ಟು ಕೊಟ್ಟಿದ್ದರು, ಬಾಕಿಯ ಗತಿ ಏನು ಎಂಬುದನ್ನು ಆಕಾಶ ತೀರ್ಮಾನಿಸುವುದಿಲ್ಲ. ಅದನ್ನು ಮನುಷ್ಯರು ಮೊದಲೇ ಮಾತಾಡಿಕೊಂಡಿರಬೇಕು. ಮಾತಾಡದೆ ಬಿಟ್ಟ ಕಡೆ ಬಲ ಇದ್ದವರು ಉಳಿಯುತ್ತಾರೆ, ಇಲ್ಲದವರು ಹಣೆಬರಹ ಎನ್ನುತ್ತಾರೆ. ಮಳೆಯ ಪಾಲೆಷ್ಟು, ಕರಾರಿನ ಪಾಲೆಷ್ಟು ಎಂದು ಬಿಡಿಸಿ ನೋಡಲು ಬಾರದಿದ್ದರೆ ಎರಡೂ ಒಂದೇ ವಿಧಿಯಾಗಿ ಕಾಣುತ್ತವೆ.

ಪಕ್ಕದ ಮುಳಬಾಗಿಲಿನವರಾದ ಡಿ.ವಿ.ಜಿ. ಅವರ ‘ಮಂಕುತಿಮ್ಮನ ಕಗ್ಗ’ದಲ್ಲಿ ವಿಧಿಯ ಮಾತು ಮತ್ತೆ ಮತ್ತೆ ಬರುತ್ತದೆ. 1943ರಲ್ಲಿ ಬಂದ ಆ ಪುಸ್ತಕವನ್ನು ಒಪ್ಪಿಕೊಂಡು ಸುಮ್ಮನಿರುವವರ ಕೈಪಿಡಿಯಂತೆ ಓದುವವರು ಬಹಳ. ನನಗೆ ಅದು ಪರಮಪದದ ಪಟದಂತೆ ಎಂದೂ ಓದಿಸಿಕೊಂಡಿಲ್ಲ. ಅಲ್ಲಿ ವಿಧಿ ತನ್ನ ಕೆಲಸ ಮುಗಿಸಿದ ಮೇಲೂ ಮನುಷ್ಯನ ಕೆಲಸ ಬಾಕಿ ಇರುತ್ತದೆ. ಚೌಕಾಬಾರದ ಲೋಕಕ್ಕೆ ಅದು ಹೆಚ್ಚು ಹತ್ತಿರ.

ಅದೃಷ್ಟ ಎಂದರೆ ಕಾಣದ್ದು. ಆಟ ಕಟ್ಟುವವರ ಕೆಲಸ ಅದನ್ನು ಇಲ್ಲವಾಗಿಸುವುದಲ್ಲ, ಆದಷ್ಟು ಕಾಣುವ ಹಾಗೆ ಮಾಡುವುದು: ಅಳತೆ ಇಬ್ಬರಿಗೂ ಗೊತ್ತಿರಲಿ, ದಾಳ ಒಬ್ಬರ ಹಿಡಿತದಲ್ಲಿ ಬೇಡ, ಬಿದ್ದ ಮೇಲೆ ಆಡುವವರಿಗೆ ಏನಾದರೂ ಉಳಿದಿರಲಿ, ಪಣಕ್ಕೆ ಇಡಬಾರದ್ದನ್ನು ಇಡದಿರಲಿ. ಕಾವ್ಯ ಓದುವವರಿಗೂ ಇಷ್ಟು ಸಾಕು. ಮುಂದಿನ ಸಲ ದ್ಯೂತದ ಪ್ರಸಂಗ ಓದುವಾಗ ವಿಧಿ ಎಂಬ ಪದ ಬಂದ ಕಡೆ ಒಂದು ಗಳಿಗೆ ನಿಂತು, ಪುಸ್ತಕ ಯಾರದು ಎಂದು ಕೇಳಿ ಮುಂದೆ ಹೋದರೆ ಒಳ್ಳೆಯದು.